ಮಲ್ಲಮ್ಮನ ಹೂಂ

ಆ ಫೋನ್ ಕಂಪನಿ ಹೆಸರು ನಾನು ಹೇಳೋದಿಲ್ಲ. ಹೇಳಿದ್ರೆ ಬಾಯಿ ತೊಳ್ಕೋಬೇಕಾಗುತ್ತೆ. ನನಗೆ ಕೋಪ ಮೂಗಿನ ತುದೀಲೇ ಇರುತ್ತೆ ಅಂತ ನನ್ನ ಗಂಡ ಶಶಾಂಕ್ ಊರಿಗೆಲ್ಲ ಹೇಳ್ಕೊಂಡು ಬರ್ತಾನೆ. ಹೇಳ್ಲಿ ಬಿಡಿ. ಈ ವಿಷಯದಲ್ಲಿ ಕೋಪ ಬರದೇ ಇರೋರು ಮನುಷ್ಯರೇ ಅಲ್ಲ.

ನಾವಿರೋದು ವಾಷಿಂಗ್ಟನ್ ಹತ್ರದ ಗೈದರ್ಸ್‌ಬರ್ಗಲ್ಲಿ. ಎದುರುಮನೇಲಿ ಪವನ ಅಂತ, ಎಂಜಿನಿಯರು. ಅವನ ತಾಯಿ ಮಲ್ಲಮ್ಮ. ಬಾಗಲಕೋಟೆ ಕಡೆಯವರು, ಎಪ್ಪತ್ತು ದಾಟಿದೆ, ಕನ್ನಡ ಬಿಟ್ಟು ಇನ್ನೊಂದು ಭಾಷೆ ಗೊತ್ತಿಲ್ಲ, ಗೊತ್ತಿಲ್ಲ ಅನ್ನೋ ಕೊರಗೂ ಇಲ್ಲ. ಮಗ ಕೊಡಿಸಿದ ಸ್ಮಾರ್ಟ್‌ಫೋನನ್ನ ಒಂದೇ ವಾರಕ್ಕೆ ವಾಪಸ್ ಕೊಟ್ಟರು. "ಮುಟ್ಟಿದ್ರ ಒಂದು ಮಾಡತೈತಿ, ಮುಟ್ಟದಿದ್ರ ಇನ್ನೊಂದು ಮಾಡತೈತಿ. ನನಗ ಗುಂಡಿ ಇರೂ ಫೋನ್ ಬೇಕಪಾ" ಅಂದ್ರು. ಅವನು ಅವರ ಹೆಸರಲ್ಲೇ ಒಂದು ಲ್ಯಾಂಡ್‌ಲೈನ್ ಹಾಕಿಸಿದ. ನಾಲ್ಕಾರು ಜನ ಒಟ್ಟಿಗೆ ಸೇರಿ ಮಾತಾಡೋ ಸೌಲಭ್ಯನೂ ಸೇರಿಸಿದ.

ಆ ಫೋನಲ್ಲಿ ಪ್ರತಿ ಭಾನುವಾರ ಸಂಜೆ ಕತೆ ನಡೀತಿತ್ತು. ನನ್ನ ಮಗಳು ಮಾನ್ಯಾ ನಮ್ಮ ಮನೆಯಿಂದ, ರಾಲಿಯಿಂದ ಸೌರಭ್, ಅಟ್ಲಾಂಟಾ ಹತ್ರದ ಕಮ್ಮಿಂಗ್‌ನಿಂದ ಅಮೂಲ್ಯಾ. ಎಲ್ಲ ಇಲ್ಲೇ ಹುಟ್ಟಿದ ಮಕ್ಕಳು. ಮಲ್ಲಮ್ಮನ ನಂಬರನ್ನ ಕನ್ನಡದಲ್ಲೇ ಬಾಯಿಪಾಠ ಮಾಡಬೇಕಿತ್ತು, "ಮೂರು ಸೊನ್ನೆ ಒಂದು" ಅಂತ ಶುರು ಮಾಡಿ ರಾಗವಾಗಿ. ನನ್ನ ಮಗಳು ಕನ್ನಡ ಅಂಕಿ ಕಲಿತಿದ್ದೇ ಹಾಗೆ. ನಾನು ಎರಡು ವರ್ಷ ಬಡ್ಕೊಂಡ್ರೂ ಕಲೀಲಿಲ್ಲ ಕಣ್ರೀ!

ಕತೆಗೆ ಒಂದೇ ಕಟ್ಟಳೆ. ಕೇಳೋರು ಹೂಂಗುಟ್ಟಬೇಕು. ಮಲ್ಲಮ್ಮ ಒಂದು ಮಾತು ಹೇಳಿ ನಿಲ್ಲಿಸೋರು. ಆ ಕಡೆಯಿಂದ "ಹೂಂ" ಬಂದ್ರೆ ಕತೆ ಮುಂದೆ. ಬರಲಿಲ್ಲವೋ, ಅಲ್ಲೇ ನಿಂತುಬಿಡೋದು. ಯಾರಾದ್ರೂ ಹೂಂ ಅನ್ನೋದು ತಡ ಮಾಡಿದ್ರೆ "ಯಾಕೋ, ನಿದ್ದಿ ಹತ್ತಿತೇನು?" ಅಂತ ಗದರೋರು. ಅವರಿಗೆ ಒಂದೊಂದು ಹೂಂ ಯಾರದ್ದು ಅಂತ ಗೊತ್ತು. ಮಾನ್ಯಾಳದ್ದು ಮೂಗಲ್ಲಿ, ಸೌರಭನದ್ದು ತಿಂಡಿ ಬಾಯಲ್ಲಿ, ಅಮೂಲ್ಯಾಳದ್ದು ಕೊನೇಲಿ ಸ್ವಲ್ಪ ಮೇಲಕ್ಕೆ ಹೋಗೋದು, ಪ್ರಶ್ನೆ ಕೇಳೋ ಹಾಗೆ.

ಒಂದು ಭಾನುವಾರ ಗುಬ್ಬಿ ಕತೆ ನಡೀತಿತ್ತು. ಗುಬ್ಬಿ ಮಜ್ಜಿಗೆ ಕದಿಯೋಕೆ ಹೋಗಿ ಗಡಿಗೆಯೊಳಗೆ ಬಿತ್ತು, ಮನೆಯಾಕೆ ನೋಡದೇ ಮುಚ್ಚಳ ಮುಚ್ಚಿದಳು. ಅಷ್ಟರಲ್ಲಿ ಅಮೂಲ್ಯಾ, "ಅಜ್ಜಿ, ಅಪ್ಪ ಕರೀತಿದಾರೆ, ವಿ ಹ್ಯಾವ್ ಟು ಪ್ಯಾಕ್. ನಾನು ಮತ್ತೆ ಕಾಲ್ ಮಾಡ್ತೀನಿ" ಅಂದು ಇಟ್ಟಳು. ಅವರಪ್ಪನ ಕೆಲಸ ಹೋಗಿತ್ತಂತೆ. ವೀಸಾ ಅಂದ್ರೆ ಗೊತ್ತಲ್ಲ, ಕೆಲಸ ಹೋದ್ರೆ ಕಾಲ ಕೆಳಗಿನ ನೆಲವೂ ಹೋದ ಹಾಗೆ. ಮನೆ ಖಾಲಿ ಮಾಡಿಬಿಟ್ಟಿದ್ರು. ಕೆನಡಾಕ್ಕೆ ಹೋದ್ರು ಅಂದ್ರು ಒಬ್ಬರು, ಇಲ್ಲೇ ಯಾವುದೋ ಊರಲ್ಲಿ ನೆಂಟರ ಮನೇಲಿದಾರೆ ಅಂದ್ರು ಇನ್ನೊಬ್ಬರು. ಅವರಮ್ಮನಿಗೆ ನಾನು ವಾಟ್ಸಾಪ್ ಕಳಿಸಿದೆ. ಒಂದೇ ಟಿಕ್. ಇವತ್ತಿಗೂ ಒಂದೇ ಟಿಕ್.

ಮುಂದಿನ ಭಾನುವಾರ ಮಾನ್ಯಾ, "ಅಜ್ಜಿ, ಬರ್ಡ್ ಏನಾಯ್ತು?" ಅಂತ ಕೇಳಿದಳು. "ಅಮೂಲ್ಯಾ ಬರೂತನಕ ಗುಬ್ಬಿ ಗಡಿಗ್ಯಾಗ ಇರತೈತಿ" ಅಂದ್ರು ಮಲ್ಲಮ್ಮ. ಬೇರೆ ಕತೆ ಹೇಳಿದ್ರು. ಆ ಕತೆ ಮಾತ್ರ ಮುಟ್ಟಲಿಲ್ಲ. ಆ ಮಗುವಿಗೆ ನಮ್ಮ ಯಾರ ನಂಬರೂ ಗೊತ್ತಿಲ್ಲ, ಅಜ್ಜಿಯ ನಂಬರೊಂದೇ ಗೊತ್ತು, ಅದೂ ಹಾಡಾಗಿ.

ಆಗ ಬಂತು ನೋಡಿ ಆ ಕಂಪನಿ ಫೋನು.

ಮಟಮಟ ಮಧ್ಯಾಹ್ನ, ಮಲ್ಲಮ್ಮ ರೊಟ್ಟಿ ಬಡೀತಿದ್ರು. ಯಾವನೋ ಫೋನ್ ಮಾಡಿ ಇಂಗ್ಲಿಷಲ್ಲಿ ಗಡಗಡ ಹೇಳಿದ. ಇವರು ಫೋನನ್ನ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸ್ಕೊಂಡು "ಹೂಂ... ಹೂಂ..." ಅಂತಾನೇ ಇದ್ರು. ಆಮೇಲೆ ಇನ್ನೊಂದು ದನಿ ಬಂತು, ಅದಕ್ಕೂ "ಹೂಂ". ಯಾಕೆ ಹಾಗೆ ಮಾಡಿದ್ರಿ ಅಂತ ನಾನು ಆಮೇಲೆ ಕೂಗಾಡಿದ್ದಕ್ಕೆ ಏನಂದ್ರು ಗೊತ್ತಾ? "ಪಾಪ, ಯಾವುದೋ ಹುಡುಗ. ಒಂದ ಉಸುರಿನ್ಯಾಗ ಮಾತಾಡ್ಲಿಕತ್ತಿದ್ದ. ನಡುವ ಹೂಂ ಅನ್ನದಿದ್ರ ಅವಂಗ ಕೆಟ್ಟ ಅನಸೂದಿಲ್ಲೇನವ್ವಾ?"

ಏನು ಹೇಳ್ತೀರಿ ಇದಕ್ಕೆ!

ಸ್ವಲ್ಪ ದಿನಕ್ಕೆ ಲೈನ್ ಸತ್ತುಹೋಯ್ತು. ಪವನ ವಿಚಾರಿಸಿದ. ನಿಮ್ಮ ತಾಯಿ ನಮ್ಮ ಕಂಪನಿಗೆ ಬದಲಾಗೋಕೆ ಒಪ್ಪಿದಾರೆ, ರೆಕಾರ್ಡಿಂಗ್ ಇದೆ ಅಂದ್ರು ಆ ಕಂಪನಿಯವರು. ಹಳೇ ನಂಬರ್ ತರೋಕೆ ಆಗಲಿಲ್ಲ, ಹೊಸ ನಂಬರ್ ಕೊಟ್ಟಿದೀವಿ, ಹಳೇದು ಸ್ವಲ್ಪ ದಿನ ಸುಮ್ಮನಿದ್ದು ಬೇರೆ ಯಾರಿಗೋ ಹೋಗುತ್ತೆ. ನಾನು ಫೋನ್ ಕಿತ್ಕೊಂಡು ಚೆನ್ನಾಗಿ ಬೈದೆ. ಆ ಕಡೆಯವಳು "ಹ್ಯಾವ್ ಎ ವಂಡರ್‌ಫುಲ್ ಡೇ" ಅಂದಳು. ಮೈ ಉರಿದುಹೋಯ್ತು.

ಮಲ್ಲಮ್ಮ ಬೈಲಿಲ್ಲ, ಅಳಲಿಲ್ಲ. "ಆ ಕೂಸು ಫೋನ್ ಹಚ್ಚಿದ್ರ ಯಾರೋ ಬ್ಯಾರೇದವ್ರು ಎತ್ತತಾರಲ್ಲ" ಅಂದ್ರು, ಅಷ್ಟೇ. ಹೊಸ ನಂಬರ್ ಬೇಡವೇ ಬೇಡ ಅಂದ್ರು. ಆಮೇಲೆ ಭಾನುವಾರ ಸಂಜೆ ಆ ಸತ್ತ ಫೋನಿನ ಹತ್ರ ಸುಮ್ಮನೆ ಕೂತಿರೋರು. ನನಗೆ ಆ ಕಡೆ ನೋಡೋಕೆ ಆಗ್ತಿರಲಿಲ್ಲ.

ಆಗ ನನಗೆ ನೆನಪಾದವಳು ಸಿದ್ದೇಶ್ವರಿ. ಗದಗಿನ ಹುಡುಗಿ, ವಾಷಿಂಗ್ಟನ್‌ನಲ್ಲಿ ವಕೀಲೆ, ಫೋನು ಇಂಟರ್‌ನೆಟ್ಟಿನ ಕಾನೂನೇ ಅವಳ ಕಸುಬು. ರಾಜ್ಯೋತ್ಸವದ ಊಟದ ಸಾಲಲ್ಲಿ ಪರಿಚಯ ಆಗಿದ್ದು. ಬೇರೆಯವರಿಗೆ ನಿದ್ದೆ ಬರಿಸೋ ನಿಯಮಗಳನ್ನ ಇವಳು ಊಟ ಬಿಟ್ಟು ಓದ್ತಾಳೆ. ಫೋನ್ ಮಾಡಿದ ತಕ್ಷಣ ಬಂದಳು. ನಾನು ಕಾಗದ ಪತ್ರ ಎಲ್ಲ ಜೋಡಿಸಿಟ್ಟಿದ್ರೆ ಅದನ್ನ ಪಕ್ಕಕ್ಕೆ ಸರಿಸಿ ಮಲ್ಲಮ್ಮನ ಮುಂದೆ ಕಾಲು ಮಡಚಿ ಕೂತಳು. "ಅಜ್ಜಿ, ಮದಲ ಒಂದು ಕತಿ ಹೇಳ್ರಿ" ಅಂದಳು. ನನಗೆ ತಲೆ ಕೆಟ್ಟುಹೋಯ್ತು. ಮನೆಗೆ ಬೆಂಕಿ ಬಿದ್ದಾಗ ಇವಳಿಗೆ ಕತೆ ಬೇಕಂತೆ! ಕತೆ ಮುಗಿಯೋವರೆಗೂ ಹೂಂ ಹೂಂ ಅಂತ ಕೇಳಿ, ಚಕ್ಕುಲಿ ಡಬ್ಬಿ ಅರ್ಧ ಖಾಲಿ ಮಾಡಿ, ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕಾರ, ಈ ದೇಶದ ಕಾನೂನು ಈ ವಿಷಯದಾಗ ಭಾಳ ಛಲೋ ಐತಿ" ಅಂದಳು. "ಒಬ್ಬರ ಫೋನು ಅವರನ್ನ ಕೇಳದ ಇನ್ನೊಂದು ಕಂಪನಿಗೆ ಎತ್ತಿಹಾಕೂದು ಇಲ್ಲಿ ಹಳೇ ಕಳ್ಳತನ. ಅದಕ್ಕ ನಿಯಮ ಮಾಡ್ಯಾರ. ನಾ ಒಪ್ಪಿಲ್ಲ ಅಂತ ಅಜ್ಜಿ ಸಾಬೀತು ಮಾಡಬೇಕಿಲ್ಲ. ಒಪ್ಪ್ಯಾರ ಅಂತ ಕಂಪನಿಯವರೇ ಸಾಬೀತು ಮಾಡಬೇಕು, ಅದೂ ಸ್ಪಷ್ಟವಾಗಿ."

ಎಲ್ಲ ಕಡೆ ಬಡವರು, ಮುದುಕರೇ ತಾನೇ ದಾಖಲೆ ಹುಡ್ಕೊಂಡು ಅಲೀಬೇಕು? ಯಾವ ಪುಣ್ಯಾತ್ಮ ಬರೆದನೋ ಆ ಸಾಲು, ಅವನ ಕೈಗೆ ಒಂದು ನಮಸ್ಕಾರ.

"ಹಾಗಾದ್ರೆ ಗೆದ್ವಿ ಬಿಡು" ಅಂದೆ.

"ಇಲ್ರೀ. ಅವರ ಹತ್ರ ಹೂಂ ಐತಿ. ಇಂಗ್ಲಿಷ್ ಕಿವಿಗೆ ಅದು ಹೌದು ಅಂತ ಕೇಳಸತೈತಿ. ಅವರು ಕಾಗದದಾಗ ಬರದದ್ದೂ ಹಂಗ."

ಫೋನ್ ಕಂಪನಿಗಳನ್ನ ನೋಡ್ಕೊಳ್ಳೋ ರಾಜ್ಯದ ಆಯೋಗಕ್ಕೆ ಅವಳೇ ದೂರು ಹಾಕಿದಳು. ವಿಚಾರಣೆ ಫೋನಲ್ಲೇ ಇಟ್ಟಿದ್ರು. ಆಯೋಗದ ಅಧಿಕಾರಿ ಒಬ್ಬರು, ಹೆಂಗಸು. ಕಂಪನಿ ಪರ ಒಬ್ಬ ವಕೀಲ. ಅಟ್ಲಾಂಟಾದಿಂದ ಒಬ್ಬಳು ಕನ್ನಡ ದುಭಾಷಿ. ವಕೀಲ ಮಾತು ಮುಗಿಸಿದ ಮೇಲೆ ಅವಳು ಸಾರಾಂಶ ಹೇಳೋದು ಅಂತ ಏರ್ಪಾಡು. ಈ ಕಡೆ ಪವನನ ಊಟದ ಟೇಬಲ್ ಮೇಲೆ ಸ್ಪೀಕರ್ ಫೋನು, ಸುತ್ತ ನಾವು. ಅವತ್ತು ಬೆಳಿಗ್ಗೆಯೇ ನಾನು ಮಲ್ಲಮ್ಮನಿಗೆ ಹೇಳಿದ್ದೆ, "ದಮ್ಮಯ್ಯ ಅಂತೀನಿ, ಅವರು ಮಾತಾಡುವಾಗ ತುಟಿ ಪಿಟಕ್ ಅನ್ನಬೇಡಿ." ಸಿದ್ದೇಶ್ವರಿ ನಕ್ಕಳು. "ಅಕ್ಕಾರ, ಅಜ್ಜಿ ಹೆಂಗ ಅದಾರೋ ಹಂಗ ಇರ್ಲಿ. ನೀವು ಸುಮ್ನಿರ್ರಿ, ಅದು ದೊಡ್ಡ ಉಪಕಾರ."

ಕಂಪನಿ ವಕೀಲ ಶುರು ಮಾಡಿದ. ಬೆಣ್ಣೆ ಸವರಿದ ಗಂಟಲು. ನಮ್ಮ ಕಂಪನಿ ನಿಯಮ ಪಾಲಿಸಿದೆ ಅಂದ. ಮಾರಿದ್ದು ಇಂಗ್ಲಿಷಲ್ಲಿ, ಆಮೇಲೆ ಬೇರೆಯವರಿಂದ ಒಪ್ಪಿಗೆ ಖಚಿತಪಡಿಸಿಕೊಂಡಿದ್ದೂ ಇಂಗ್ಲಿಷಲ್ಲೇ, ಎರಡೂ ಒಂದೇ ಭಾಷೇಲಿರಬೇಕು ಅನ್ನೋ ನಿಯಮಾನೂ ಪಾಲನೆ ಆಗಿದೆ ಅಂದ. ರೆಕಾರ್ಡಿಂಗ್ ಹಾಕಿದ. ಪ್ರಶ್ನೆ, ಹೂಂ. ಪ್ರಶ್ನೆ, ಹೂಂ. ಹೊರಗಿನವರ ಕಿವೀಲಿ ಕೇಳಿದ್ರೆ ಅದು ಹೌದೇ.

"ದೂರು ಕೊಟ್ಟವರು ಸ್ವಇಚ್ಛೆಯಿಂದ ಒಪ್ಪಿದ್ದಾರೆ" ಅಂತ ಅವನು ಮುಂದುವರಿಸಿದ.

"ಹೂಂ" ಅಂದ್ರು ಮಲ್ಲಮ್ಮ, ಸ್ಪೀಕರಿನ ಕಡೆ ಬಾಗಿ, ಪ್ರೀತಿಯಿಂದ.

ಅಯ್ಯೋ ರಾಮ! ನಾನು ಅವರ ಬಾಯಿ ಮುಚ್ಚೋಕೆ ಕೈ ಚಾಚಿದೆ. ಸಿದ್ದೇಶ್ವರಿ ಟೇಬಲ್ ಕೆಳಗೆ ನನ್ನ ಕೈ ಹಿಡಿದು ಒತ್ತಿದಳು, ಬಳೆ ಮುರಿಯೋ ಹಾಗೆ.

ವಕೀಲ ಒಂದು ಗಳಿಗೆ ತಡವರಿಸಿದ. "ಆದ್ದರಿಂದ ಈ ದೂರಿನಲ್ಲಿ ಹುರುಳಿಲ್ಲ."

"ಹೂಂ."

"ಕಂಪನಿಯ ತಪ್ಪೇನೂ ಇಲ್ಲ."

"ಹೂಂ."

ಅವನ ದನೀಲಿ ಗೆದ್ದ ನಗು ಬಂತು. ದೂರುದಾರರೇ ಒಪ್ತಿದಾರೆ, ಇದನ್ನ ದಾಖಲೆ ಮಾಡ್ಕೋಬೇಕು ಅಂದ. ಸಿದ್ದೇಶ್ವರಿ ಕೂಡಲೇ, "ನನ್ನದೂ ಅದೇ ಕೋರಿಕೆ, ಒಂದೊಂದೂ ದಾಖಲಾಗಲಿ. ಈಗ ನಾನೂ ಇಂಗ್ಲಿಷಲ್ಲಿ ಎರಡು ಮಾತು ಕೇಳಲಾ?" ಅಂದಳು. ಅಧಿಕಾರಿ ಆಗಲಿ ಅಂದ್ರು.

"ಮಲ್ಲಮ್ಮನವರೇ, ಈ ಕಂಪನಿ ನಿಮ್ಮ ಫೋನ್ ಕದ್ದಿದೆ" ಅಂದಳು, ಅಪ್ಪಟ ಇಂಗ್ಲಿಷಲ್ಲಿ.

"ಹೂಂ."

"ಕಂಪನಿ ಪರ ಮಾತಾಡ್ತಿರೋ ವಕೀಲರು ನಿಮ್ಮ ಹೊಟ್ಟೇಲಿ ಹುಟ್ಟಿದ ಮಗ."

"ಹೂಂ" ಅಂದ್ರು ಮಲ್ಲಮ್ಮ, ಇನ್ನಷ್ಟು ಅಕ್ಕರೆಯಿಂದ.

ಫೋನಿನ ಆ ಕಡೆ ಮೊದಲು ನಕ್ಕವಳು ದುಭಾಷಿ. ಆಮೇಲೆ ಅಧಿಕಾರಿಯ ಕೆಮ್ಮು ಕೇಳಿಸ್ತು, ನಗು ನುಂಗೋ ಕೆಮ್ಮು.

ಅಧಿಕಾರಿ ದುಭಾಷಿ ಮೂಲಕ ಕೇಳಿಸಿದ್ರು, "ಅಮ್ಮ, ನೀವು ಆಗಿನಿಂದ ಏನೋ ಒಂದು ಸದ್ದು ಮಾಡ್ತಿದೀರಲ್ಲ, ಅದರ ಅರ್ಥ ಏನು?"

ಮಲ್ಲಮ್ಮನಿಗೆ ಆಶ್ಚರ್ಯ ಆಯ್ತು. ಇಷ್ಟು ಓದಿದವರಿಗೆ ಇದೂ ಗೊತ್ತಿಲ್ವಾ ಅನ್ನೋ ಹಾಗೆ ನಮ್ಮ ಮುಖ ನೋಡಿದ್ರು. "ಅರ್ಥ ಏನ್ ಬಂತ್ರೀ? ನಾ ಇಲ್ಲೇ ಅದೀನಿ, ನೀ ಮುಂದ ಹೇಳು ಅಂತ. ಹೂಂ ಅನ್ನದಿದ್ರ ಹೇಳಾವ್ರಿಗೆ ತಾ ಒಬ್ಬನ ಅದೀನಿ ಅನಸತೈತ್ರಿ."

ದುಭಾಷಿ ಅದನ್ನ ಇಂಗ್ಲಿಷಿಗೆ ತಂದಳು. ಅಧಿಕಾರಿ ಅವಳ ಮೂಲಕವೇ ಮತ್ತೆ ಕೇಳಿದ್ರು,

"ಹಾಗಾದ್ರೆ ಒಪ್ಪಿಗೆ ಇದ್ರೆ ಏನಂತೀರಿ?"

"ಆತ್ ತಗೋರಿ ಅಂತೀನ್ರಿ."

ಅಧಿಕಾರಿ ವಕೀಲನಿಗೆ ಕೇಳಿದ್ರು, ನಿಮ್ಮ ರೆಕಾರ್ಡಿಂಗ್‌ನಲ್ಲಿ ಎಲ್ಲಾದ್ರೂ ಆ ಮಾತಿದೆಯಾ ಅಂತ. ಅವನು ಮತ್ತೆ ಹಾಕಿದ. ನಾವೆಲ್ಲ ಕೇಳಿದ್ವಿ. ಹೂಂ ಇತ್ತು, ರೊಟ್ಟಿ ಬಡಿಯೋ ಸದ್ದಿತ್ತು. ಆತ್ ತಗೋರಿ ಇರಲಿಲ್ಲ.

ಆದೇಶ ಬಂತು. ಒಪ್ಪಿಗೆ ಸಾಬೀತಾಗಿಲ್ಲ, ಲೈನು ಮತ್ತು ಅದೇ ನಂಬರು ಹಳೇ ಕಂಪನಿಗೆ, ಅಲ್ಲಿಂದ ಮಲ್ಲಮ್ಮನಿಗೆ ವಾಪಸ್ ಹೋಗಬೇಕು ಅಂತ. ನಂಬರು ಇನ್ನೂ ಯಾರ ಪಾಲಿಗೂ ಹೋಗಿರಲಿಲ್ಲ, ದೇವರು ದೊಡ್ಡವನು. ನಾನು ಸಿದ್ದೇಶ್ವರೀನ ತಬ್ಕೊಂಡು ಅತ್ತೇಬಿಟ್ಟೆ. "ಏ ಹುಡುಗೀ, ಆ ಮೊದಲ ದಿನವೇ ಇದನ್ನ ಯೋಚಿಸಿದ್ಯಾ?" ಅಂದೆ. "ನಾ ಏನ್ ಮಾಡಿನ್ರೀ ಅಕ್ಕಾರ? ಅಜ್ಜಿ ಮಾತು ಅವರ ಕಿವಿಗೆ ಬೀಳೂ ಹಂಗ ಮಾಡಿದೆ, ಅಷ್ಟ" ಅಂದು ಉಳಿದರ್ಧ ಚಕ್ಕುಲಿ ಡಬ್ಬಿ ಎತ್ಕೊಂಡು ಹೋದಳು. ಆ ಹುಡುಗಿ ತಲೆಗೆ ದೃಷ್ಟಿ ತೆಗೀಬೇಕು ಕಣ್ರೀ, ನಿಜವಾಗ್ಲೂ.

ಲೈನ್ ಬಂದ ಮೇಲಿನ ಮೊದಲ ಭಾನುವಾರ ನಾನೂ ಮಾನ್ಯಾಳ ಜೊತೆ ಎದುರುಮನೆಗೇ ಹೋದೆ. ರಾಲಿಯಿಂದ ಸೌರಭ್ ಸೇರ್ಕೊಂಡ. ಮಲ್ಲಮ್ಮ ಹೊಸ ಕತೆ ಎತ್ತಿದ್ರು. "ಒಂದೂರಾಗ ಒಬ್ಬಾಕಿ ಮುದುಕಿ ಇದ್ಲು" ಅಂದು ನಿಲ್ಲಿಸಿದ್ರು. ಮಾನ್ಯಾ ಪಕ್ಕದಲ್ಲೇ ಮೂಗಲ್ಲಿ "ಹೂಂ" ಅಂದಳು. ಫೋನಲ್ಲಿ ತಿಂಡಿ ಬಾಯಿಯ "ಹೂಂ" ಬಂತು. ಆಮೇಲೆ ಟಣ್ ಅಂತ ಯಾರೋ ಸೇರಿದ ಸದ್ದಾಯ್ತು. ಸಣ್ಣದಾಗಿ, ಕೊನೇಲಿ ಮೇಲಕ್ಕೆ ಹೋಗೋ ಇನ್ನೊಂದು "ಹೂಂ?"

ಮಲ್ಲಮ್ಮನ ಕೈ ಸೆರಗಿನ ಮೇಲೆ ಹಾಗೇ ನಿಂತುಬಿಡ್ತು.

"ಅಜ್ಜಿ, ನಾನು ಮೆನಿ ಟೈಮ್ಸ್ ಟ್ರೈ ಮಾಡಿದೆ" ಅಂತು ಆ ದನಿ. "ನಂಬರ್ ಇಲ್ಲ ಅಂತಿತ್ತು. ನಾನು ಸಾಂಗ್ ತಪ್ಪು ಹೇಳಿದೆ ಅಂದ್ಕೊಂಡೆ."

"ಇಲ್ಲವ್ವಾ, ನೀ ತಪ್ಪಿಲ್ಲ" ಅಂದ್ರು ಮಲ್ಲಮ್ಮ. ಎಲ್ಲಿದೀಯ, ಹೇಗಿದೀಯ ಅಂತ ಒಂದು ಮಾತೂ ಕೇಳಲಿಲ್ಲ. ನನ್ನ ಬಾಯಿ ತುದೀಲಿ ಹತ್ತು ಪ್ರಶ್ನೆ ಇತ್ತು, ನುಂಗ್ಕೊಂಡೆ.

"ಬರ್ಡ್ ಇನ್ನೂ ಒಳಗೇ ಇದೆಯಾ?"

"ಒಳಗ ಐತಿ. ನೀ ಬರ್ಲಿ ಅಂತ ಕುಂತೈತಿ." ಸೆರಗಿಂದ ಮೂಗು ಒರೆಸ್ಕೊಂಡು ಗಂಟಲು ಸರಿ ಮಾಡ್ಕೊಂಡ್ರು. "ಮುಚ್ಚಳ ತಗೀಲೇನು?"

"ಹೂಂ" ಅಂದಳು ಅಮೂಲ್ಯಾ.