ಕಣದೊಳಗೆ ಬೂಟು ನಡೆಯುವುದಿಲ್ಲ

ಜೋಳದ ರಾಶಿಯ ಮೇಲೆ ಕೈಯಿಟ್ಟು ಹೇಳುವ ಮಾತಿದು, ಇದರಲ್ಲಿ ಕಾಳಿನಷ್ಟೂ ಸುಳ್ಳಿಲ್ಲ. ಠಾಣಾ ಕುಶನೂರಿನಲ್ಲಿ ಯಾರನ್ನಾದರೂ ಕೇಳಿ. ಒಂದಿಬ್ಬರು ನಕ್ಕರೆ ಮೂರನೆಯವರನ್ನು ಕೇಳಿ.

ಆ ಭಾನುವಾರ ಶಾಲುಬಾಯಿ ಮೊದಲ ಬಸ್ಸಿಗೇ ಬೀದರಿಗೆ ಹೊರಟಳು. ಜೊತೆಗೆ ಹನ್ನೆರಡು ವರ್ಷದ ಮೊಮ್ಮಗಳು ಸಪನಾ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕಾಲಲ್ಲಿ ಹವಾಯಿ ಚಪ್ಪಲಿ. ಅಲ್ಲಿನ ಗಾಲ್ಫ್ ಮೈದಾನದಲ್ಲಿ ಹೊಸ ಮಕ್ಕಳಿಗೆ ಆಟ ಕಲಿಸುತ್ತಾರೆಂದು ಪೇಪರಿನಲ್ಲಿ ಬಂದಿತ್ತು. ಶಾಲುಬಾಯಿ ಅದೇ ಮೈದಾನದಲ್ಲಿ ಎಂಟು ವರ್ಷ ಹುಲ್ಲು ಕೊಯ್ದವಳು. ಕೆಲಸ ಬಿಟ್ಟು ಬರುವಾಗ ಅಲ್ಲಿನವರು ಕೊಟ್ಟ ಒಂದು ಸವೆದ ಕೋಲು, ಏಳು ಹಳೆಯ ಚೆಂಡು, ಇಷ್ಟರಲ್ಲೇ ಸಪನಾ ಆಟದ ಅಆಇಈ ಕಲಿತಿದ್ದಳು.

ಗೇಟಿನಲ್ಲಿ ಕ್ಲಬ್ಬಿನ ಸೆಕ್ರೆಟರಿ ಸುಶೀಲಕುಮಾರ ಮೊದಲು ನೋಡಿದ್ದು ಹುಡುಗಿಯ ಪಾದಗಳನ್ನು.

“ಬೂಟಿಲ್ಲದ ಒಳಗ ಬಿಡಂಗಿಲ್ಲ, ಶಾಲುಬಾಯಿ. ರೂಲ್ ಅದ. ಹುಲ್ಲು ಕೆಡ್ತದ.”

“ಎಂಟು ವರ್ಷ ಬರಿಗಾಲಾಗೇ ಕೊಯ್ದೀನ್ರಿ ಸಾಹೇಬ್ರ. ಆವಾಗ ಕೆಡಲಿಲ್ಲೇನು?”

“ಅದು ಕೆಲಸ, ಇದು ಆಟ.” ಅವನು ದನಿ ತಗ್ಗಿಸಿದ. “ಮೇಂಬರ್ ಮಂದಿ ನನಗ ಕೇಳ್ತಾರ. ಒಂದು ಮಾಡು, ಹುಡುಗಿ ಅವರ ಕೋಲಿನ ಚೀಲ ಹೊರ್ಲಿ. ನೋಡಿ ನೋಡಿ ಕಲೀತಾಳ.”

ಸಪನಾ ಅಜ್ಜಿಯ ಸೆರಗು ಜಗ್ಗಿದಳು. “ಹೊರ್ತೀನಿ ಬಿಡು ಆಯಿ. ಒಳಗರ ಹೋಗ್ಲಿಕ್ಕ ಸಿಗ್ತದ.”

“ನಾ ಹೊತ್ತಿದ್ದೇ ಸಾಕು,” ಎಂದಳು ಶಾಲುಬಾಯಿ. “ನಡಿ. ನಮ್ಮ ಹೊಲದಾಗ ಇಂಥ ಹುಲ್ಲಿಲ್ಲ, ಖರೇ. ಕಣ ಅದ.”

ರಾಶಿ ಮುಗಿದ ಕಣವನ್ನು ಅವಳು ಸಗಣಿಯಿಂದ ಎಷ್ಟು ನುಣ್ಣಗೆ ಸಾರಿಸಿದಳೆಂದರೆ, ಇರುವೆಗಳು ಜಾರಿ ಬಿದ್ದು, ಮರುದಿನದಿಂದ ಸುತ್ತು ಹಾಕಿಕೊಂಡು ಹೋಗತೊಡಗಿದವು. ನಡುವೆ ತಂಬಿಗೆಯಷ್ಟು ಕುಳಿ. ಆಡಲು ಓಣಿಯ ಮಕ್ಕಳು ಸೇರಿದರು: ಖುಷ್ಬೂ ಬಂದಳು, ಉಮೇರ ಬಂದ, ಅಶ್ವಜಿತ ಬಂದ. ಕೋಲು ಒಂದೇ, ಸರದಿ ಎಲ್ಲರಿಗೂ. ಚಪ್ಪಲಿಗಳು ಮಾತ್ರ ಹೊರಗೆ. ಕಾಳು ಬೀಳುವ ಕಣವನ್ನು ಯಾರೂ ಚಪ್ಪಲಿಯಲ್ಲಿ ತುಳಿಯುವುದಿಲ್ಲ.

ಒಂದು ಸಂಜೆ ಸಪನಾ ಬೀಸಿದ ಏಟಿಗೆ ಚೆಂಡು ಹೊಲ ದಾಟಿ, ಬೇವಿನ ಮರ ದಾಟಿ, ರಸ್ತೆಯಲ್ಲಿ ಹೊರಟಿದ್ದ ಬಸ್ಸಿನ ಕಿಟಕಿಯಲ್ಲಿ ನುಗ್ಗಿ, ಖಾಲಿ ಸೀಟು ಹಿಡಿದು ಕಮಲನಗರಕ್ಕೆ ಹೋಯಿತು. ಮರುದಿನ ಕಂಡಕ್ಟರ್ ಬಕ್ಕಪ್ಪ ಅದನ್ನು ತಂದುಕೊಟ್ಟ.

“ಬಾಯಿ, ನಿಮ್ಮ ಪ್ಯಾಸೆಂಜರ್ ಟಿಕೀಟ್ ಇಲ್ಲದ ಕೂತಿತ್ತು ನೋಡ್ರಿ. ಹಾಫ್ ಹರೀಲೋ, ಫುಲ್ ಹರೀಲೋ?”

“ಹೆಣ್ಮಗಳು ಹೊಡದ ಚೆಂಡ್ರಿ ಅದು,” ಎಂದಳು ಸಪನಾ. “ಫ್ರೀ ಅದ!”

ಬಕ್ಕಪ್ಪ ಈ ಸುದ್ದಿಯನ್ನು ಬಸ್ಸು ಬಸ್ಸಿನಲ್ಲೂ ಹೇಳಿದ. ಭಾಲ್ಕಿಗೆ ಬರುವಷ್ಟರಲ್ಲಿ ಚೆಂಡು ಕುಂಬಳಕಾಯಿಯಷ್ಟಾಗಿತ್ತು. ಬೀದರಿನಲ್ಲಿ ಆ ಸುದ್ದಿ ಸುಶೀಲಕುಮಾರನ ಕಿವಿಗೂ ಬಿತ್ತು. ಒಂದು ದಿನ ಅವನೇ ಕಾರಿನಲ್ಲಿ ಬಂದಿಳಿದ. ಹೊಳೆಯುವ ಬೂಟಿನಲ್ಲೇ ಕಣಕ್ಕೆ ಕಾಲಿಡಹೊರಟ. ಶಾಲುಬಾಯಿ ಕಸ ಗುಡಿಸುವ ಬಾರಿಗೆಯನ್ನು ಅಡ್ಡ ಹಿಡಿದಳು.

“ಬೂಟು ಹೊರಗ ಬಿಡ್ರಿ.”

“ಬೂಟಿಲ್ಲದ ನನಗ ಆಡಿ ರೂಢಿ ಇಲ್ಲ…”

“ಹಂಗಾದ್ರ ಚೀಲ ಹೊರ್ರಿ. ನೋಡಿ ನೋಡಿ ಕಲೀತೀರಿ.”

ಮಕ್ಕಳು ಸುತ್ತ ನೆರೆದರು. ಸುಶೀಲಕುಮಾರನ ಕಿವಿಗಳು ಕೆಂಪಾದವು. ಅವನು ಕಾರಿನ ಕಡೆ ನೋಡಿದ, ಕೋಲು ಹಿಡಿದು ನಿಂತ ಹುಡುಗಿಯ ಕಡೆ ನೋಡಿದ. ಆಮೇಲೆ ಬಗ್ಗಿ ಲೇಸು ಬಿಚ್ಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಖುಷ್ಬೂ ಕಿಸಕ್ಕನೆ ನಕ್ಕಳು. ಅವನು ಕಾಲುಚೀಲವನ್ನೂ ಕಳಚಿದ.

ಕೋಲು ಬೀಸಿದ. ಚೆಂಡು ಅಲ್ಲಾಡಲಿಲ್ಲ.

“ತೆಲಿ ಎತ್ತಬ್ಯಾಡ್ರಿ ಸರ್,” ಎಂದಳು ಸಪನಾ. “ಚೆಂಡು ಎಲ್ಲೂ ಓಡಿ ಹೋಗಂಗಿಲ್ಲ.”

ಮೂರನೆಯ ಏಟಿಗೆ ಚೆಂಡು ಉರುಳಿ ಕುಳಿಗೆ ಬಿತ್ತು. ಅವನು ಮಗುವಿನಂತೆ ನಕ್ಕುಬಿಟ್ಟ. ಹೊರಡುವಾಗ ಬೂಟು ಕೈಯಲ್ಲೇ ಇತ್ತು.

“ಶಾಲುಬಾಯಿಯವರ, ಬರೋ ಐತಾರ ಇವರಿಗೆಲ್ಲ ಕರ್ಕೊಂಡು ಬರ್ರಿ.”

“ಬೂಟು?”

“ಗೇಟಿನ್ಯಾಗ ನಾನೂ ಬರಿಗಾಲಾಗೇ ನಿಂತಿರ್ತೀನ್ರಿ. ಮೇಂಬರ್ ಮಂದಿ ಕೇಳ್ಲಿ.”

ಹೇಳಿದಂತೆ ನಿಂತ. ಮಕ್ಕಳು ಹುಲ್ಲಿನ ಮೇಲೆ ಬರಿಗಾಲಲ್ಲೇ ಆಡಿದರು, ಹುಲ್ಲು ಏನೂ ಕೆಡಲಿಲ್ಲ.

ಬಸ್ಸಿನ ಸಂಗತಿ ಮಾತ್ರ ನಂಬುವುದಿಲ್ಲ ಎನ್ನುವವರಿಗೆ ಶಾಲುಬಾಯಿ ಇವತ್ತಿಗೂ ಆ ಚೆಂಡು ತೋರಿಸುತ್ತಾಳೆ. ನಿಮಗೂ ಅವಳ ಮಾತು ಇಷ್ಟೇ: “ನೋಡಬೇಕಂದ್ರ ನಮ್ಮ ಕಣಕ್ಕ ಬರಿಗಾಲಾಗ ಬರ್ರಿ. ಬರಿಗೈಲೆ ಮಾತ್ರ ಬರಬ್ಯಾಡ್ರಿ, ಕೋಲು ಇನ್ನೂ ಒಂದೇ ಅದ.”