ಬಳ್ಳಿಯಲ್ಲಿ ಕಾಲಿಟ್ಟವಳು

ಎರಡು ಸಾವಿರದ ಐದರ ಮಳೆ ಸಾಲಹಳ್ಳಿಯನ್ನು ಎಂಟು ದಿನ ಬಿಡದೆ ಹಿಡಿಯಿತು. ಒಂಬತ್ತನೆಯ ಬೆಳಿಗ್ಗೆ ಕುಂಬಳದ ಹೊಲಕ್ಕೆ ಹೋದ ಇಂದ್ರವ್ವ ಕೈಗೆತ್ತಿಕೊಂಡ ಮೊದಲ ಹೂವನ್ನೇ ಬೆಚ್ಚಿ ಬಿಸುಟಳು. ಹೂವಿನ ತುಂಬ ಬೂದು ಕೂದಲು ಎದ್ದಿದ್ದವು. ಒಂದೊಂದರ ತುದಿಗೂ ಗುಂಡುಸೂಜಿಯ ತಲೆಯಂಥ ಕಪ್ಪು ಚುಕ್ಕೆ. ಪಕ್ಕದ ಎಳೆಗಾಯಿಯನ್ನು ಮುಟ್ಟಿದರೆ ಬೆರಳು ಒಳಗೇ ಇಳಿಯಿತು.

ಮೂರು ದಿನದ ಹಿಂದೆ, ಮುಟ್ಟಾಗಿದ್ದಾಗಲೇ, ಅವಳು ಈ ಬಳ್ಳಿಯೊಳಗೆ ನಡೆದಿದ್ದಳು. ಗಂಡ ಮಾಂತೇಶ ರಾಮದುರ್ಗದಲ್ಲಿದ್ದ. ಹೊಲದಲ್ಲಿ ನೀರು ನಿಂತಿತ್ತು. ಒಬ್ಬಳೇ ಬದು ಕಡಿದು ನೀರು ಹೊರಗೆ ಬಿಟ್ಟು, ಯಾರಿಗೂ ಹೇಳದೆ ಮನೆಗೆ ಬಂದಿದ್ದಳು. ಮುಟ್ಟಾದವಳು ಕಾಲಿಟ್ಟರೆ ಬಳ್ಳಿ ಕೊಳೆಯುತ್ತದೆಂದು ಅತ್ತೆ ಕೃಷ್ಣವ್ವ ಮದುವೆಯಾದ ಮೊದಲ ತಿಂಗಳೇ ಹೇಳಿದ್ದಳು.

ಅಂದು ಅವಳು ಆ ಬೆರಳನ್ನು ಬೂದಿ ಹಚ್ಚಿ ನಾಲ್ಕು ಸಲ ತಿಕ್ಕಿದಳು. ಊಟಕ್ಕೆ ಕುಳಿತಾಗಲೂ ಉಗುರಿನ ಸಂದಿಯಲ್ಲಿ ಬೂದು ಕೂದಲು ಎದ್ದಿದೆಯೇ ಎಂದು ನೋಡಿಕೊಂಡಳು.

ಮರುದಿನಕ್ಕೆ ಅರ್ಧ ಹೊಲ ನಾರತೊಡಗಿತು. ಬದುವಿನ ಬೆಂಡೆಗೂ ಅದೇ ಕೂದಲು ಬಂತು. ಕೃಷ್ಣವ್ವ ತಮ್ಮ ಹೊಲದ ಬಾವಿಯ ಕಟ್ಟೆಯ ಮೇಲೆ ನಿಂತು ಕೂಗಿದಳು.

"ಯಾವಾಕಿ ಕಾಲಿಟ್ಟಾಳ ನಮ್ಮ ಬಳ್ಳ್ಯಾಗ?"

ಅದೇ ಹೊತ್ತಿಗೆ ನೀರಿಗೆ ಬಂದವಳು ಪಕ್ಕದ ಹೊಲದ ರಾಮವ್ವ, ಗಂಡ ಸತ್ತವಳು.

"ನೀನ ಅಲ್ಲೇನ? ದಿನಾ ಇಲ್ಲೆ ಬರಾಕಿ ನೀ ಒಬ್ಬಾಕಿನ!"

"ಇಲ್ಲಬೇ ಯಕ್ಕಾ, ನಾ ಬದುವು ಸೈತ ದಾಟಿಲ್ಲ."

ಇಂದ್ರವ್ವ ಅಲ್ಲೇ ನಿಂತಿದ್ದಳು. ಕೈಯಲ್ಲಿದ್ದ ಹಗ್ಗವನ್ನು ಸುತ್ತತೊಡಗಿದಳು. ರಾಮವ್ವ ಅವಳ ಮುಖವನ್ನೊಮ್ಮೆ ನೋಡಿ ನೀರು ಸೇದದೆ ಹೊರಟುಹೋದಳು.

ಸಂಜೆ ರಾಮದುರ್ಗದಿಂದ ಮರಳಿದ ಮಗನಿಗೆ ಕೃಷ್ಣವ್ವ ಹೇಳಿದಳು: "ನಾಳೆ ಹಿರ್‍ಯಾರನ್ನ ಕೂಡಸು. ಆ ರಾಮವ್ವಗ ಊರಾಗ ಯಾರೂ ನೀರ ಕೊಡಬಾರದು."

ಇಂದ್ರವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಕಂಬ ಹಿಡಿದು ನಿಂತಳು.

"ಅತ್ತಿ, ಆಕಿ ಅಲ್ರಿ. ನಾ ಹೋಗಿದ್ದೆ. ಹೊರಗಾಗಿದ್ದಾಗ."

ಕೃಷ್ಣವ್ವ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾಂತೇಶ ಮುಖ ತಿರುಗಿಸಿ ಹೊರಗೆ ನಡೆದ. ಆದರೆ ಬೆಳಿಗ್ಗೆ ಅವನು ಹಿರಿಯರನ್ನು ಕರೆಯದೆ ರಾಮದುರ್ಗದಿಂದ ಕೃಷಿ ಸಹಾಯಕನನ್ನು ಕರೆತಂದ. ದಾರಿಯಲ್ಲೇ ಎಲ್ಲ ಕೇಳಿಕೊಂಡಿದ್ದ ಆತ ಕೊಳೆತ ಕಾಯಿಯನ್ನು ಸೀಳಿ ನೋಡಿ ಕೃಷ್ಣವ್ವನಿಗೆ ಹೇಳಿದ:

"ಇದು ಬೂಸ್ಟು ಐತ್ರಿ. ಹಸಿ ಹವಾಕ್ಕ ಏಳತೈತಿ, ಗಾಳ್ಯಾಗ ಹಾರತೈತಿ. ಹಳ್ಳದ ಆಚೀಕಡಿ ಹೊಲದಾಗೂ ಐತಿ. ಅಲ್ಲೀಗೂ ಇವ್ರ ಹೋಗಿದ್ರೇನು? ನೀರ ಹೊರಗ ಬಿಟ್ಟಿದ್ದು ಚೊಲೋ ಆತು. ಅದಕ್ಕ ಮ್ಯಾಲಿನ ಸಾಲು ಉಳದಾವ."

ಕೊಳೆತದ್ದನ್ನೆಲ್ಲ ಕಿತ್ತು ಕುಣಿ ತೋಡಿ ಹೂಳಿದರು. ಮೇಲಿನ ನಾಲ್ಕು ಸಾಲು ಬದುಕಿದವು. ಕೃಷ್ಣವ್ವ ಸೊಸೆಯ ಜೊತೆ ದಿನವಿಡೀ ಬುಟ್ಟಿ ಹೊತ್ತಳು.

ಸಂಜೆ ಇಂದ್ರವ್ವ ರಾಮವ್ವನ ಮನೆಗೆ ಹೋಗಿ ಎಲ್ಲ ಹೇಳಿದಳು. ರಾಮವ್ವ ಜೋಳ ಹಸನು ಮಾಡುತ್ತಿದ್ದಳು.

"ನಿನ್ನ ಮಾರಿ ನೋಡಿದಾಗ ನನಗ ಗೊತ್ತಾತವಾ," ಎಂದಳು. "ಅವತ್ತ ಹೇಳಬೇಕಿತ್ತು."

ಮರುದಿನದಿಂದ ರಾಮವ್ವ ಇವರ ಬಾವಿಗೆ ಬರಲಿಲ್ಲ; ನೀರಿಗೆ ಹಳ್ಳಕ್ಕೇ ಹೋದಳು.