ಅಳಿಸದ ಹನ್ನೊಂದು ಸಾಲು

"ಮತ್ತೆ ಅದೇ ಎರರ್ ಆಂಟಿ," ಎಂದಳು ಮಗಳ ಗೆಳತಿ. ಲ್ಯಾಪ್‌ಟಾಪಿನ ಪರದೆಯ ತುಂಬ ಕೆಂಪು. ತಾಯಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟು ಬಂದು ಹಿಂದೆ ನಿಂತಳು.

ತಪ್ಪು ತಾಯಿಯದೇ. ಲಕ್ವ ಹೊಡೆದು ಗಂಡನ ಮಾತು ನಿಂತಾಗ ಮಗಳು ಒಂದು ಪ್ರೋಗ್ರಾಂ ಬರೆದಿದ್ದಳು. ತೊಡೆಯ ಮೇಲಿನ ಹಲಗೆಯಲ್ಲಿ ಅವನು ಚಿತ್ರ ಒತ್ತಿದರೆ ಲ್ಯಾಪ್‌ಟಾಪ್ ಅವನ ಪರವಾಗಿ ಮಾತಾಡುತ್ತಿತ್ತು. ಮಗಳು ತೀರಿಕೊಂಡು ನಾಲ್ಕು ತಿಂಗಳಾಯಿತು. ಮೊನ್ನೆ ಲ್ಯಾಪ್‌ಟಾಪಿನ ಲಿನಕ್ಸ್ ಅಪ್‌ಡೇಟ್ ಮಾಡಲೇ ಎಂದು ಕೇಳಿತು. ಧೂಳು ಒರೆಸುತ್ತಿದ್ದ ತಾಯಿ ಹಾಗೇ ಹೂಂ ಎಂದು ಒತ್ತಿಬಿಟ್ಟಳು. ಅಂದಿನಿಂದ ಗಂಡ ಮತ್ತೆ ಮೂಕ. ನಿನ್ನೆ ಬೆನ್ನು ತುರಿಸುತ್ತಿದೆ ಎಂದು ಅವನು ಸನ್ನೆ ಮಾಡಿದರೆ ಇವಳು ಹೋಗಿ ಕಿಟಕಿ ಮುಚ್ಚಿದಳು. ಅವನು ಗೋಡೆಯತ್ತ ತಿರುಗಿಕೊಂಡ.

"ನಿಮ್ಮ ಮಗಳು ಬರೆದಿದ್ದು ಹಳೇ ಕಂಪೈಲರ್‌ಗೆ, ಬರೆದ ಸಾಲುಗಳನ್ನ ಮಷೀನಿನ ಭಾಷೆಗೆ ತಿರುಗಿಸೋ ಸಾಫ್ಟ್‌ವೇರ್‌ಗೆ. ಅದು ತಪ್ಪು ಕಂಡ್ರೆ ಗೊಣಗಿ ಸುಮ್ಮನಾಗ್ತಿತ್ತು. ಈ ಹೊಸದು ಜಪ್ಪಯ್ಯ ಅಂದ್ರೂ ಒಪ್ಪಲ್ಲ," ಎಂದಳು ಗೆಳತಿ.

"ಹಳೇದನ್ನೇ ಹಾಕಮ್ಮ."

"ಬೆಳಗ್ಗಿಂದ ಅದೇ ಮಾಡ್ತಿದೀನಿ. ಅದಕ್ಕೆ ಬೇಕಾದ ಒಂದು ಫೈಲ್ ಕೊಟ್ರೆ ಇನ್ನೊಂದು ಕೇಳುತ್ತೆ. ಇವಳ ಹನ್ನೊಂದು ಸಾಲು ತೆಗೆದು ನಾನು ಬೇರೆ ಬರೀಬೇಕು, ಅಷ್ಟೇ ದಾರಿ."

ತಾಯಿ ಬಗ್ಗಿ ನೋಡಿದಳು. ಒಂದು ಸಾಲಿನ ಪಕ್ಕ ಮಗಳು ಬರೆದಿಟ್ಟಿದ್ದಳು: 'ಇದು ಸರಿಯಿಲ್ಲ, ಆದ್ರೂ ಓಡ್ತಿದೆ. ಯಾರೂ ಮುಟ್ಟಬೇಡಿ.'

"ಸೋಮಾರಿ ಶಿಖಾಮಣಿ," ಎಂದು ಗೆಳತಿ ನಗಲು ಹೋಗಿ ಮೂಗು ಒರೆಸಿಕೊಂಡಳು.

ಮಗಳ ಬಟ್ಟೆಬರೆ ಬೇರೆಯವರಿಗೆ ಎತ್ತಿಕೊಡುವಾಗಲೂ ತಾಯಿಗೆ ಇಷ್ಟು ಕಷ್ಟವಾಗಿರಲಿಲ್ಲ. "ಅಳಿಸ್ಬೇಡ ಕಣೆ," ಎಂದಳು.

"ಅಳಿಸಲ್ಲ ಆಂಟಿ. ಸಾಲಿನ ಮುಂದೆ ಎರಡು ಓರೆ ಗೆರೆ ಹಾಕ್ತೀನಿ. ಮಷೀನ್ ಅದನ್ನ ಓದದೆ ದಾಟಿ ಹೋಗುತ್ತೆ. ನಾವು ಓದ್ಬಹುದು."

ತಾಯಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಪ್ರತಿ ಸಾಲಿಗೂ ಗೆಳತಿ ಅವಳ ಮುಖ ನೋಡುತ್ತಿದ್ದಳು. ಅವಳು ತಲೆಯಾಡಿಸಿದ ಮೇಲೆಯೇ ಗೆರೆ ಬೀಳುತ್ತಿತ್ತು. ಹನ್ನೊಂದನೆಯದಕ್ಕೆ ತುಸು ಹೊತ್ತು ಹಿಡಿಯಿತು.

ಅವುಗಳ ಕೆಳಗೆ ಗೆಳತಿ ತನ್ನ ಸಾಲುಗಳನ್ನು ಬರೆದು ಓಡಿಸಿದಳು. ಈ ಸಲ ಕೆಂಪು ಬರಲಿಲ್ಲ. ತಾಯಿ ಹಲಗೆಯನ್ನು ಗಂಡನ ತೊಡೆಯ ಮೇಲಿಟ್ಟಳು. ಅವನ ಬೆರಳು ಲೋಟದ ಚಿತ್ರ ದಾಟಿತು, ಮಾತ್ರೆಯ ಚಿತ್ರ ದಾಟಿತು, ಮೂಲೆಯಲ್ಲಿದ್ದ ಕನ್ನಡಕದ ಮೇಲೆ ನಿಂತಿತು. ತಾನು ಪರದೆ ಬಿಟ್ಟು ಏಳದಿದ್ದಾಗ ಅಪ್ಪ ಬೈಯಲಿ ಎಂದು ಮಗಳೇ ತಮಾಷೆಗೆ ಸೇರಿಸಿಕೊಟ್ಟ ಚಿತ್ರ ಅದು.

"ಸಾಕು ಮಗಳೇ, ಕಣ್ಣು ನೋಯುತ್ತೆ," ಎಂದಿತು ಲ್ಯಾಪ್‌ಟಾಪ್.

ಗೆಳತಿ ತಿರುಗಿ ನೋಡಲಿಲ್ಲ. ಕೀಲಿಮಣೆಯ ಮೇಲಿದ್ದ ಎರಡೂ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.